ಪತ್ತಾರರ ಮಣೆಯ ಮೇಲೆ ಒಂದು ಹನಿ ಆಮ್ಲ

ಬಂಗಾರದ ಕೆಲಸ ಮಾಡುವ ಪತ್ತಾರರ ಅಂಗಡಿಯಲ್ಲಿ ತಕ್ಕಡಿ, ಇಕ್ಕಳ, ಅರ, ಊದುಗೊಳವೆ, ಅರಗಿನ ಉಂಡೆ, ಬಿಳಿಗಾರದ ಡಬ್ಬಿ ಎಲ್ಲವೂ ಕೈಗೆಟುಕುವಷ್ಟು ಹತ್ತಿರ ಇರುತ್ತವೆ. ಅವುಗಳ ನಡುವೆ ಅಂಗೈಗಿಂತ ಸಣ್ಣದಾದ ಒಂದು ಕಪ್ಪು ಕಲ್ಲು. ಅದು ಒರೆಗಲ್ಲು. ಪಕ್ಕದಲ್ಲಿ ಗಾಜಿನ ಬಿರಡೆಯ ಎರಡು ಮೂರು ಸಣ್ಣ ಶೀಸೆಗಳು. ಅವುಗಳೊಳಗಿನ ದ್ರವಕ್ಕೆ ಹಳಬರು ತೇಜಾಬು ಎನ್ನುತ್ತಾರೆ, ಈಗಿನವರು ಆಸಿಡ್ ಎನ್ನುತ್ತಾರೆ.

ವಿಜಯಪುರದ ಜೋರಾಪುರ ಪೇಟೆಯಂಥ ಹಳೇ ಓಣಿಗಳಲ್ಲಿ ಇಂಥ ಕೆಲಸ ಒಂದೇ ಬಾಗಿಲಿನ ಅಂಗಡಿಯಲ್ಲಿ ನಡೆಯುವಂಥದ್ದು. ಟಿಕೋಟಾ, ಬಬಲೇಶ್ವರ ಕಡೆಯ ರೈತರಿಗೆ ಒಣದ್ರಾಕ್ಷಿ ಕೈಹಿಡಿದ ವರ್ಷ ಮನೆಗೆ ಬೋರಮಾಳ ಬರುತ್ತದೆ, ಪಾಟಲಿ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಅದೇ ಒಡವೆ ಸೆರಗಿನ ಗಂಟಿನಲ್ಲಿ ಪೇಟೆಗೆ ವಾಪಸಾಗುತ್ತದೆ. ಮಾಡಿಸುವಾಗಲೂ ಮಾರುವಾಗಲೂ ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಚೊಕ್ಕ ಬಂಗಾರ ಎಷ್ಟು? ಆ ಪ್ರಶ್ನೆಗೆ ಕಲ್ಲು ಮತ್ತು ಆಮ್ಲ ಸೇರಿ ಉತ್ತರ ಕೊಡುತ್ತವೆ. ಶಾಲೆಯ ರಸಾಯನಶಾಸ್ತ್ರದಲ್ಲಿ ಒಂದು ಪಾಠವಾಗಿ ಮುಗಿದುಹೋಗುವ ಆಮ್ಲದ ಗುಣಗಳನ್ನೆಲ್ಲ ಈ ಕಸುಬು ದಿನವೂ ದುಡಿಸಿಕೊಳ್ಳುತ್ತದೆ. ಯಾವ ಆಮ್ಲ ಯಾವುದನ್ನು ಕರಗಿಸುತ್ತದೆ, ಯಾವುದನ್ನು ಮುಟ್ಟದೆ ಬಿಡುತ್ತದೆ, ಎಲ್ಲಿ ಕೈ ತಡೆಯಬೇಕು ಎಂಬ ತಿಳಿವಳಿಕೆಯೇ ಇಲ್ಲಿ ಬಂಡವಾಳ.

ಆಮ್ಲ ಎಂದರೆ ಏನೆಂದು ಮೊದಲು ನೋಡೋಣ. ಹುಣಸೆಯಲ್ಲಿ, ನಿಂಬೆಯಲ್ಲಿ, ಮೊಸರಿನಲ್ಲಿ, ಹುಳಿ ದ್ರಾಕ್ಷಿಯಲ್ಲಿ ನಾಲಿಗೆಗೆ ತಟ್ಟುವ ಹುಳಿಯೇ ಆಮ್ಲ. ಹುಣಸೆ ಮತ್ತು ದ್ರಾಕ್ಷಿಯಲ್ಲಿರುವುದು ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ. ಇವೆಲ್ಲ ನೀರಿನಲ್ಲಿ ಕರಗಿದಾಗ ಹೈಡ್ರೋಜನ್ ಅಯಾನು ಎಂಬ ಧನ ವಿದ್ಯುದಂಶದ ಕಣಗಳನ್ನು ಬಿಡುಗಡೆ ಮಾಡುತ್ತವೆ. ಹುಳಿ ರುಚಿ, ಲೋಹವನ್ನು ತಿನ್ನುವ ಗುಣ, ಸುಣ್ಣದ ಕಲ್ಲನ್ನು ಉಕ್ಕಿಸುವ ಗುಣ ಎಲ್ಲದಕ್ಕೂ ಆ ಕಣವೇ ಕಾರಣ. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1884ರಲ್ಲಿ ತನ್ನ ಪ್ರಬಂಧದಲ್ಲಿ ನೀರಿನಲ್ಲಿ ಕರಗಿದ ವಸ್ತುಗಳು ಹೀಗೆ ಅಯಾನುಗಳಾಗಿ ಒಡೆಯುತ್ತವೆ ಎಂದಾಗ ಅವನ ಪ್ರಾಧ್ಯಾಪಕರೇ ಸರಿಯಾಗಿ ಒಪ್ಪಲಿಲ್ಲ. 1903ರಲ್ಲಿ ಅದಕ್ಕೇ ನೊಬೆಲ್ ಬಂತು.

ಆಮ್ಲವನ್ನು ನಾಲಿಗೆಗೆ ತಾಗಿಸದೆ ಗುರುತಿಸುವುದಕ್ಕೆ ಪ್ರಯೋಗಾಲಯದಲ್ಲಿ ಲಿಟ್ಮಸ್ ಕಾಗದ ಇದೆ. ನೀಲಿ ಕಾಗದ ಆಮ್ಲ ತಾಗಿದರೆ ಕೆಂಪಾಗುತ್ತದೆ. ನಮ್ಮ ಮನೆಗಳಲ್ಲಿ ಅರಿಶಿನ ಇದೆ. ಆರತಿ ತಟ್ಟೆಯ ನೀರಿಗೆ ಅರಿಶಿನ, ಸುಣ್ಣ ಎರಡೂ ಹಾಕಿದಾಗ ಕೆಂಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಸುಣ್ಣ ಆಮ್ಲಕ್ಕೆ ಎದುರಾದ ಗುಣದ್ದು, ಅಂದರೆ ಕ್ಷಾರ. ಅದೇ ಕೆಂಪು ನೀರಿಗೆ ನಿಂಬೆ ಹಿಂಡಿದರೆ ಮತ್ತೆ ಹಳದಿ ಬರುತ್ತದೆ: ಆಮ್ಲ ಸುಣ್ಣವನ್ನು ತಣಿಸಿತು, ಎರಡೂ ಸೇರಿ ಲವಣ ಮತ್ತು ನೀರಾದವು. ಇದೇ ತಟಸ್ಥೀಕರಣ. ಹುಳಿಯ ಪ್ರಮಾಣವನ್ನು ಅಂಕಿಯಲ್ಲಿ ಹೇಳಲು ಡೆನ್ಮಾರ್ಕಿನ ಸೋರೆನ್‌ಸೆನ್ 1909ರಲ್ಲಿ ಪಿಎಚ್ ಮಾಪನ ಕೊಟ್ಟ. 7 ಎಂದರೆ ಶುದ್ಧ ನೀರು, ಅದಕ್ಕಿಂತ ಕಡಿಮೆ ಆಮ್ಲ, ಹೆಚ್ಚು ಕ್ಷಾರ. ನಿಂಬೆ ರಸ ಸುಮಾರು 2ರಿಂದ 2.5, ಮೊಸರು 4ರ ಆಸುಪಾಸು. ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟು ಹೆಚ್ಚಿದವೆಂದು ಲೆಕ್ಕ.

ಪತ್ತಾರರ ಶೀಸೆಯಲ್ಲಿರುವುದು ಈ ಹಣ್ಣುಕಾಯಿಗಳ ಆಮ್ಲವಲ್ಲ. ಅಲ್ಲಿರುವವು ಮೂರು: ನೈಟ್ರಿಕ್ ಆಮ್ಲ, ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಗಂಧಕಾಮ್ಲ. ನಿಂಬೆಯ ಆಮ್ಲದಲ್ಲಿ ಕೆಲವೇ ಅಣುಗಳು ಒಡೆದು ಹೈಡ್ರೋಜನ್ ಅಯಾನು ಕೊಡುತ್ತವೆ. ನೀರು ಬೆರೆತ ಈ ಪ್ರಬಲ ಆಮ್ಲಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಡೆಯುತ್ತವೆ. ಹಿಂದೆ ಪೆಟ್ಲುಪ್ಪನ್ನು ಅನ್ನಭೇದಿ ಅಥವಾ ಪಟಕದ ಜತೆ ಕಾಯಿಸಿ, ಬಂದ ಆವಿಯನ್ನು ತಂಪುಮಾಡಿ ನೈಟ್ರಿಕ್ ಆಮ್ಲ ಇಳಿಸುತ್ತಿದ್ದರು. ಈಗ ಕಾರ್ಖಾನೆಯಿಂದ ಬರುತ್ತದೆ. ಅಂಗಡಿಯಲ್ಲಿ ಕೆಲಸ ಕಲಿಯಲು ಬಂದ ಹುಡುಗನಿಗೆ ಮೊದಲು ಹೇಳಿಕೊಡುವುದು ಒಂದೇ ಮಾತು: “ಆಸಿಡ್ಡಿಗೆ ನೀರ ಹಾಕಬ್ಯಾಡ, ನೀರಿಗೆ ಆಸಿಡ್ ಹಾಕು. ಸಾವಕಾಶ.” ಗಂಧಕಾಮ್ಲ ನೀರಿನ ಜತೆ ಸೇರುವಾಗ ವಿಪರೀತ ಬಿಸಿ ಹುಟ್ಟುತ್ತದೆ. ಅದು ನೀರಿಗಿಂತ ಸುಮಾರು 1.8 ಪಟ್ಟು ತೂಕ. ಮೇಲಿಂದ ನೀರು ಸುರಿದರೆ ಆ ನೀರು ಮೇಲೆಯೇ ನಿಂತು, ಅಲ್ಲಿಯೇ ಕುದಿದು, ಆಮ್ಲವನ್ನು ಮುಖಕ್ಕೆ ಎರಚುತ್ತದೆ. ಹೆಚ್ಚು ನೀರಿಗೆ ಸ್ವಲ್ಪ ಸ್ವಲ್ಪವೇ ಆಮ್ಲ ಬಿಟ್ಟರೆ ಆ ಬಿಸಿಯನ್ನು ನೀರು ಹಂಚಿಕೊಳ್ಳುತ್ತದೆ.

ಇನ್ನು ಒರೆಗೆ ಬರೋಣ. ಒಳ್ಳೆಯ ಒರೆಗಲ್ಲಿಗೆ ಮೂರು ಗುಣ ಬೇಕು. ಕಪ್ಪಾಗಿರಬೇಕು, ಗೆರೆಯ ಬಣ್ಣ ಎದ್ದು ಕಾಣಲು. ಕಣ ಸಣ್ಣದಾಗಿದ್ದು ತುಸು ಗರಗರ ಇರಬೇಕು, ಲೋಹ ಹಿಡಿಯಲು. ಆಮ್ಲಕ್ಕೆ ಜಗ್ಗಬಾರದು. ಕಲ್ಲು ಸಿಲಿಕಾ ಜಾತಿಯದಾದ್ದರಿಂದ ಈ ಮೂರು ಆಮ್ಲಗಳಲ್ಲಿ ಯಾವುದೂ ಅದನ್ನು ಮುಟ್ಟುವುದಿಲ್ಲ. ಅದೇ ಅಂಗಡಿಯ ನೆಲಕ್ಕೆ ಹಾಸಿದ ಶಹಾಬಾದ ಕಲ್ಲು ಸುಣ್ಣದ ಕಲ್ಲು. ಅದರ ಮೇಲೆ ಆಮ್ಲದ ಹನಿ ಬಿದ್ದರೆ ಬುರುಬುರು ನೊರೆ ಏಳುತ್ತದೆ. ಸುಣ್ಣದ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟು. ಆಮ್ಲ ತಾಗಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಅನಿಲ ಬಿಟ್ಟುಕೊಡುತ್ತದೆ. ನೊರೆ ಅಡಗಿದ ಮೇಲೆ ನುಣುಪು ಹೋಗಿ ಬಿಳಿಚಿದ ಒರಟು ಕಲೆ ಉಳಿಯುತ್ತದೆ. ಹಳೇ ಪತ್ತಾರರ ಅಂಗಡಿಯಲ್ಲಿ ಮಣೆಯ ಸುತ್ತಲಿನ ನೆಲ ನೋಡಿದರೆ ಎಷ್ಟು ವರ್ಷದ ಕೆಲಸವೆಂದು ಅಂದಾಜು ಸಿಗುತ್ತದೆ. ಮಣೆಯ ಮೇಲಿನ ಕಲ್ಲು ಮಾತ್ರ ತಲೆಮಾರು ದಾಟಿದರೂ ಹಾಗೆಯೇ ಇರುತ್ತದೆ.

ಒರೆ ಹಚ್ಚುವ ಮೊದಲು ಪತ್ತಾರರು ಕೈ ಒರೆಸಿಕೊಳ್ಳುತ್ತಾರೆ, ಕಲ್ಲನ್ನು ಒರೆಸುತ್ತಾರೆ. ಇದು ಬರೀ ಸ್ವಚ್ಛತೆಗಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಂಗಾರದ ಅಧ್ಯಕ್ಷನ ಕೆಲಸ ವಿವರಿಸುವ ಅಧ್ಯಾಯದಲ್ಲಿ ಒರೆಯ ಮೋಸಗಳ ಪಟ್ಟಿಯೇ ಇದೆ. ಉಗುರಿನ ಸಂದಿಯಲ್ಲಿ ಕಾವಿಮಣ್ಣು ಇಟ್ಟುಕೊಂಡು ಗೆರೆಯ ಮೇಲೆ ಉದುರಿಸಿ ಬಣ್ಣ ಹೆಚ್ಚಿಸುವುದು ಅದರಲ್ಲಿ ಒಂದು. ಕಳಿಂಗ ದೇಶದ ಹೆಸರುಕಾಳಿನ ಬಣ್ಣದ ಒರೆಗಲ್ಲು ಶ್ರೇಷ್ಠ ಎಂದೂ ಅಲ್ಲಿ ಹೇಳಿದೆ. ಎರಡು ಸಾವಿರ ವರ್ಷದ ಹಿಂದಿನ ಗ್ರಂಥ ಉಗುರಿನ ಸಂದಿಯವರೆಗೂ ನೋಡಿದೆ ಎಂದರೆ ಈ ಪರೀಕ್ಷೆಯನ್ನು ಎಷ್ಟು ಹತ್ತಿರದಿಂದ ಗಮನಿಸಿರಬೇಕು.

ಆಮೇಲೆ ಒಡವೆಯ ಮರೆಯಾದ ಒಂದು ಅಂಚನ್ನು ಅರದಿಂದ ಒಂದೆರಡು ಸಲ ಉಜ್ಜುತ್ತಾರೆ. ಮೇಲ್ಮೈಯನ್ನು ನಂಬುವಂತಿಲ್ಲ, ಏಕೆಂಬುದನ್ನು ಮುಂದೆ ಹೇಳುತ್ತೇನೆ. ಉಜ್ಜಿದ ಜಾಗವನ್ನು ಕಲ್ಲಿಗೆ ಒತ್ತಿ ಎಳೆದರೆ ಹಳದಿ ಗೆರೆ ಮೂಡುತ್ತದೆ. ಅದರ ಎಡಬಲಕ್ಕೆ ಒರೆಕಡ್ಡಿಗಳಿಂದ ಗೆರೆ ಎಳೆಯುತ್ತಾರೆ. ಒಂದೊಂದು ಕಡ್ಡಿಯ ತುದಿಗೂ ಕಸುವು ಗೊತ್ತಿರುವ ಬಂಗಾರ ಬೆಸೆದಿರುತ್ತದೆ: 14, 18, 20, 22 ಕ್ಯಾರಟ್. ಚೊಕ್ಕ ಬಂಗಾರ 24 ಕ್ಯಾರಟ್. 22 ಎಂದರೆ ಸಾವಿರದಲ್ಲಿ 916 ಪಾಲು ಬಂಗಾರ, ಉಳಿದದ್ದು ತಾಮ್ರ ಮತ್ತು ಬೆಳ್ಳಿ. ಗೆರೆಗಳೆಲ್ಲ ಒಂದೇ ದಪ್ಪ ಇರಬೇಕು. ಒಂದು ತೆಳ್ಳಗೆ, ಒಂದು ದಪ್ಪಗೆ ಆದರೆ ಆಮ್ಲ ತೆಳ್ಳಗಿನದನ್ನು ಮೊದಲು ತಿಂದು ಸುಳ್ಳು ಸಾಕ್ಷಿ ಹೇಳುತ್ತದೆ. ಕೈಯ ಒತ್ತಡವನ್ನು ಪ್ರತಿ ಗೆರೆಗೂ ಸಮ ಇಡುವುದು ವರ್ಷಗಟ್ಟಲೆ ಮಾಡಿದವರಿಗೇ ಬರುವ ಕೆಲಸ.

ಈಗ ಗಾಜಿನ ಕಡ್ಡಿ ಅದ್ದಿ ಎಲ್ಲ ಗೆರೆಗಳಿಗೂ ಅಡ್ಡವಾಗಿ ಆಮ್ಲ ಸವರುತ್ತಾರೆ. ಮಾತು ನಿಲ್ಲುವುದು ಇಲ್ಲಿಯೇ. ತಂದವರು ಎಷ್ಟೇ ಕೇಳಲಿ, “ತಡೀರಿ ಯಕ್ಕಾ” ಎಂದಷ್ಟೇ ಉತ್ತರ. ಗೆರೆ ಹಿತ್ತಾಳೆಯದಾದರೆ ಹಸಿರು ನೊರೆಯಾಗಿ ಕಣ್ಣೆದುರೇ ಮಾಯವಾಗುತ್ತದೆ. ಕಡಿಮೆ ಕ್ಯಾರಟ್ಟಿನ ಬಂಗಾರವಾದರೆ ಕಂದಿ ಮಾಸಲಾಗುತ್ತದೆ, ಅದರಲ್ಲಿದ್ದ ತಾಮ್ರ ಕರಗಿಹೋಗಿ ಬಂಗಾರದ ಬಡಕಲು ಗೆರೆ ಉಳಿಯುತ್ತದೆ. 18 ದಾಟಿದರೆ ಬರೀ ನೈಟ್ರಿಕ್ ಆಮ್ಲಕ್ಕೆ ಅದು ಜಗ್ಗುವುದಿಲ್ಲ. ಆಗ ಇನ್ನೊಂದು ಶೀಸೆ. ಅದರಲ್ಲಿ ನೈಟ್ರಿಕ್ ಆಮ್ಲಕ್ಕೆ ತುಸು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿರುತ್ತದೆ. ಹಳೇ ಕೈಗಳು ಒಂದು ಚಿಟಿಕೆ ಅಡುಗೆ ಉಪ್ಪನ್ನೇ ಹಾಕಿಬಿಡುತ್ತವೆ, ಉಪ್ಪಿನ ಕ್ಲೋರೈಡು ಅದೇ ಕೆಲಸ ಮಾಡುತ್ತದೆ. ಈ ಮಿಶ್ರಣ ಎಲ್ಲ ಗೆರೆಗಳನ್ನೂ ನಿಧಾನಕ್ಕೆ ತಿನ್ನತೊಡಗುತ್ತದೆ. ಗಿರಾಕಿಯ ಗೆರೆ ಯಾವ ಕಡ್ಡಿಯ ಗೆರೆಯ ಜತೆಜತೆಗೆ ಬಣ್ಣಗೆಡುತ್ತದೋ ಅದೇ ಅದರ ಕಸುವು. ಸೆಕೆಂಡುಗಳ ಅಂತರವನ್ನು ಕಣ್ಣು ಹಿಡಿಯಬೇಕು. ಪಳಗಿದ ಕಣ್ಣು ನೂರಕ್ಕೆ ಒಂದೆರಡರ ವ್ಯತ್ಯಾಸದೊಳಗೆ ಹೇಳುತ್ತದೆ. ಒಡವೆಯಿಂದ ಹೋದದ್ದು ತಕ್ಕಡಿಗೂ ಸಿಗದಷ್ಟು ಬಂಗಾರ.

ಆಮ್ಲ ಬಂಗಾರವನ್ನು ಬಿಟ್ಟು ತಾಮ್ರವನ್ನು ಮಾತ್ರ ಏಕೆ ತಿನ್ನುತ್ತದೆ? ಲೋಹ ಕರಗುವುದೆಂದರೆ ಅದರ ಪರಮಾಣು ಎಲೆಕ್ಟ್ರಾನು ಬಿಟ್ಟುಕೊಟ್ಟು ಅಯಾನಾಗಿ ನೀರಿಗಿಳಿಯುವುದು. ಸತು, ಕಬ್ಬಿಣ ಇವು ಎಲೆಕ್ಟ್ರಾನನ್ನು ಸುಲಭವಾಗಿ ಬಿಡುತ್ತವೆ. ಸತುವಿನ ಚೂರನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದರೆ ಹೈಡ್ರೋಜನ್ ಅಯಾನುಗಳು ಆ ಎಲೆಕ್ಟ್ರಾನುಗಳನ್ನು ಪಡೆದು ಹೈಡ್ರೋಜನ್ ಅನಿಲವಾಗಿ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತವೆ. ತಾಮ್ರ, ಬೆಳ್ಳಿಗಳು ಅಷ್ಟು ಸಲೀಸಲ್ಲ. ಹೈಡ್ರೋಜನ್ ಅಯಾನಿಗೆ ಅವು ಎಲೆಕ್ಟ್ರಾನು ಕೊಡುವುದಿಲ್ಲ. ಆದರೆ ನೈಟ್ರಿಕ್ ಆಮ್ಲದಲ್ಲಿ ನೈಟ್ರೇಟು ಎಂಬ ಇನ್ನೊಂದು ಭಾಗವಿದೆ, ಅದಕ್ಕೆ ಕಸಿದುಕೊಳ್ಳುವ ಬಲ ಹೆಚ್ಚು. ಅದು ತಾಮ್ರ ಬೆಳ್ಳಿಗಳಿಂದ ಎಲೆಕ್ಟ್ರಾನು ಕಿತ್ತುಕೊಳ್ಳುತ್ತದೆ, ತಾನು ನೈಟ್ರೋಜನ್ ಡೈಆಕ್ಸೈಡ್ ಎಂಬ ಕಂದು ಹೊಗೆಯಾಗಿ ಹೊರಬೀಳುತ್ತದೆ. ಅದಕ್ಕೇ ಇಲ್ಲಿ ಹೈಡ್ರೋಜನ್ ಬರುವುದಿಲ್ಲ, ಕಂದು ಹೊಗೆ ಬರುತ್ತದೆ. ಬಂಗಾರದ ಮುಂದೆ ಆ ಬಲವೂ ಸಾಲದು.

ನೈಟ್ರಿಕ್ ಒಂದು ಪಾಲು, ಹೈಡ್ರೋಕ್ಲೋರಿಕ್ ಮೂರು ಪಾಲು ಸೇರಿಸಿದರೆ ಆಗುವುದು ರಾಜದ್ರವ. ಎರಡರಲ್ಲಿ ಯಾವುದೂ ಒಂಟಿಯಾಗಿ ಬಂಗಾರವನ್ನು ಕರಗಿಸಲಾರದು, ಸೇರಿದರೆ ಕರಗಿಸುತ್ತವೆ. ನೈಟ್ರಿಕ್ ಬಂಗಾರದ ಮೇಲ್ಮೈಯಿಂದ ಅಷ್ಟಿಷ್ಟು ಪರಮಾಣುಗಳನ್ನು ಸಡಿಲಿಸುತ್ತದೆ. ಕ್ಲೋರೈಡು ಅವನ್ನು ಆ ಕ್ಷಣವೇ ಸುತ್ತುವರಿದು ಹಿಡಿದುಬಿಡುತ್ತದೆ, ಮತ್ತೆ ಲೋಹಕ್ಕೆ ಮರಳಲು ಬಿಡುವುದಿಲ್ಲ. ಹೀಗೆ ಸಡಿಲಿಸುವುದು, ಹಿಡಿಯುವುದು ನಡೆದೇ ಇದ್ದು ಕೊನೆಗೆ ಬಂಗಾರವೆಲ್ಲ ಹಳದಿ ದ್ರವವಾಗುತ್ತದೆ. ಒರೆಯಲ್ಲಿ ಬಳಸುವುದು ಈ ದ್ರವದ ಬಹಳ ಸೌಮ್ಯ ರೂಪ.

ಕಸುಬಿನ ಪೂರಾ ಹದ ಕಾಣಬೇಕಾದರೆ ಹಳೇ ಒಡವೆಯಿಂದ ಚೊಕ್ಕ ಬಂಗಾರ ಬೇರ್ಪಡಿಸುವುದನ್ನು ನೋಡಬೇಕು. ಅತ್ತೆಯ ಕಾಲದ ಗುಂಡಿನ ಟೀಕಿ, ಸವೆದ ಬಿಲ್ವಾರ, ತುಂಡಾದ ಬೋರಮಾಳ. ಬೋರಮಾಳದ ಗುಂಡುಗಳು ಒಳಗೆ ಟೊಳ್ಳು, ನಗ್ಗದಿರಲೆಂದು ಅರಗು ತುಂಬಿರುತ್ತಾರೆ. ಮೊದಲು ಕಾಯಿಸಿ ಆ ಅರಗನ್ನು ಇಳಿಸಿ ಸುಡಬೇಕು, ಇಲ್ಲದಿದ್ದರೆ ತೂಕವೂ ಸುಳ್ಳು, ಕರಗುವುದೂ ಕೊಳಕು.

ಇಲ್ಲಿಯದು ತಲೆಕೆಳಗಿನ ಲೆಕ್ಕ ಅನ್ನಿಸುತ್ತದೆ. ಬಂಗಾರ ಶುದ್ಧಮಾಡಲು ಮೊದಲು ಅದಕ್ಕೆ ಇನ್ನಷ್ಟು ಬೆಳ್ಳಿ ಬೆರೆಸಬೇಕು. 22 ಕ್ಯಾರಟ್ ಒಡವೆಯನ್ನು ಹಾಗೆಯೇ ನೈಟ್ರಿಕ್ ಆಮ್ಲದಲ್ಲಿ ಮುಳುಗಿಸಿದರೆ ಏನೂ ಆಗುವುದಿಲ್ಲ. ಹೊರಮೈಯ ಬಂಗಾರ ಒಳಗಿನ ತಾಮ್ರವನ್ನು ಕಾಪಾಡುತ್ತದೆ. ಆಮ್ಲಕ್ಕೆ ಒಳಗೆ ಹೋಗಲು ದಾರಿ ಬೇಕು. ಬಂಗಾರ ಒಟ್ಟು ತೂಕದ ಕಾಲು ಭಾಗಕ್ಕೆ ಇಳಿದರೆ ಮಾತ್ರ ಆ ದಾರಿ ತೆರೆಯುತ್ತದೆ. 10 ಗ್ರಾಂ ಒಡವೆಯಲ್ಲಿ ಸುಮಾರು 9.2 ಗ್ರಾಂ ಬಂಗಾರವಿದ್ದರೆ ಅದಕ್ಕೆ ಸುಮಾರು 27 ಗ್ರಾಂ ಬೆಳ್ಳಿ ಸೇರಿಸಿ ಮೂಸೆಯಲ್ಲಿ ಕರಗಿಸುತ್ತಾರೆ. ಬಂಗಾರ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಳ್ಳಿ 962ರಲ್ಲಿ. ಬಿಳಿಗಾರ ಹಾಕಿದರೆ ಕೊಳೆ ಮೇಲೆ ಗಾಜಾಗಿ ತೇಲುತ್ತದೆ. ಕರಗಿದ ಲೋಹ ಚೆನ್ನಾಗಿ ಬೆರೆಯಲಿ ಎಂದು ಕದಡಿ, ಎರಕ ಹೊಯ್ದು, ಬಡಿದು ಕಾಗದದಷ್ಟು ತೆಳು ತಗಡು ಮಾಡುತ್ತಾರೆ. ಬಂಗಾರದ ಬಣ್ಣ ಹೋಗಿ ತಗಡು ಬೆಳ್ಳಗೆ ಕಾಣುತ್ತದೆ. ಒಡವೆಯ ಒಡತಿ ಎದುರಿಗಿದ್ದರೆ ಆ ಬಿಳಿ ತಗಡು ನೋಡಿ ಗಾಬರಿಯಾಗುವುದು ಸಹಜ.

ತಗಡನ್ನು ಚೂರು ಮಾಡಿ ಗಾಜಿನ ಪಾತ್ರೆಗೆ ಹಾಕಿ, ನೀರು ಬೆರೆಸಿದ ನೈಟ್ರಿಕ್ ಆಮ್ಲ ಹೊಯ್ದು ಸಣ್ಣ ಉರಿಗೆ ಇಡುತ್ತಾರೆ. ಆ ನೀರು ಯಾವುದು ಎಂಬುದೂ ಮುಖ್ಯ. ಕೊಳವೆಬಾವಿಯ ಗಡುಸು ನೀರಿನಲ್ಲಿ ಉಪ್ಪಿನ ಅಂಶ ಇರುತ್ತದೆ. ಅದರ ಕ್ಲೋರೈಡು ಬೆಳ್ಳಿಗೆ ತಾಗಿದರೆ ದ್ರವ ಬೆಳ್ಳಗೆ ಕಲಕಿಹೋಗುತ್ತದೆ, ಮೇಲಾಗಿ ಆಮ್ಲ ರಾಜದ್ರವದ ಕಡೆ ವಾಲಿ ಬಂಗಾರವನ್ನೂ ಅಷ್ಟಿಷ್ಟು ಕದಿಯಬಹುದು. ಹಾಗಾಗಿ ಮಳೆನೀರು, ಅಥವಾ ಬ್ಯಾಟರಿಗೆ ಹಾಕುವ ಶುದ್ಧ ನೀರು. ಸ್ವಲ್ಪ ಹೊತ್ತಿಗೆ ಚೂರುಗಳಿಂದ ಗುಳ್ಳೆ ಏಳುತ್ತವೆ, ಪಾತ್ರೆಯ ಮೇಲೆ ಕಂದು ಹೊಗೆ ಕಟ್ಟುತ್ತದೆ, ಒಡವೆಯಲ್ಲಿದ್ದ ತಾಮ್ರ ದ್ರವಕ್ಕೆ ತಿಳಿ ನೀಲಿ ಬಣ್ಣ ಕೊಡುತ್ತದೆ. ಹೊಗೆ ನಿಂತ ಮೇಲೆ ದ್ರವ ಬಸಿದು ಇನ್ನೂ ಖಾರದ ಆಮ್ಲದಲ್ಲಿ ಮತ್ತೊಮ್ಮೆ ಕಾಯಿಸುತ್ತಾರೆ, ಉಳಿದ ಬೆಳ್ಳಿಯೂ ಬಿಡಲಿ ಎಂದು.

ತಳದಲ್ಲಿ ಉಳಿಯುವುದು ಕಂದು ಬಣ್ಣದ ಪುಡಿ. ನೋಡಿದವರು ಮಣ್ಣು ಎಂದುಕೊಳ್ಳಬೇಕು, ಅಷ್ಟು ಸಪ್ಪೆ. ಅದೇ ಚೊಕ್ಕ ಬಂಗಾರ. ಕಣಗಳು ತೀರಾ ಸಣ್ಣವಾದ್ದರಿಂದ ಹೊಳಪಿಲ್ಲ. ಬಿಸಿನೀರಿನಲ್ಲಿ ತೊಳೆದು ಬಸಿಯುವುದು, ಮತ್ತೆ ತೊಳೆಯುವುದು. ಕೊನೆಯ ನೀರಿಗೆ ಒಂದು ಹರಳು ಉಪ್ಪು ಹಾಕಿ ನೋಡುತ್ತಾರೆ. ಬೆಳ್ಳಗಾದರೆ ಬೆಳ್ಳಿ ಇನ್ನೂ ಇದೆ, ಮತ್ತೆ ತೊಳೆಯಬೇಕು. ತಿಳಿಯಾಗಿಯೇ ಇದ್ದರೆ ಪುಡಿ ಒಣಗಿಸಿ ಬಿಳಿಗಾರದ ಜತೆ ಮೂಸೆಗೆ. ಕೆಂಪಗೆ ಕಾದ ಮೂಸೆಯಲ್ಲಿ ಆ ಮಣ್ಣುಬಣ್ಣದ ಪುಡಿ ಕುಗ್ಗಿ, ಒಂದಾಗಿ, ಒಮ್ಮೆಲೇ ಹಳದಿ ಗುಂಡಾಗುತ್ತದೆ. ಇಷ್ಟು ಹೊತ್ತು ಆಮ್ಲ ಬಂಗಾರವನ್ನು ಮುಟ್ಟಿಯೇ ಇಲ್ಲ. ಬೇರೆಲ್ಲವನ್ನೂ ತೆಗೆದುಕೊಂಡು ಹೋಯಿತು, ಅಷ್ಟೆ.

ಬಸಿದ ದ್ರವವನ್ನು ಚೆಲ್ಲುವಂತಿಲ್ಲ, ಹಾಕಿದ 27 ಗ್ರಾಂ ಬೆಳ್ಳಿ ಅದರಲ್ಲಿದೆ. ಅದಕ್ಕೆ ಉಪ್ಪುನೀರು ಹೊಯ್ದರೆ ಒಡೆದ ಹಾಲಿನಂತೆ ಬೆಳ್ಳಿಯ ಕ್ಲೋರೈಡು ಗಡ್ಡೆಗಟ್ಟಿ ಕೂರುತ್ತದೆ. ಬಿಸಿಲಿಗೆ ಇಟ್ಟರೆ ಅದು ನೇರಳೆಗಪ್ಪಾಗುತ್ತದೆ, ಹಳೇ ಕಾಲದ ಫೋಟೋಗಳನ್ನು ಮೂಡಿಸಿದ್ದು ಇದೇ ಗುಣ. ಆದರೆ ಇನ್ನೂ ಸರಳ ಉಪಾಯವಿದೆ. ದ್ರವದಲ್ಲಿ ತಾಮ್ರದ ಪಟ್ಟಿ ಇಳಿಬಿಡುವುದು. ತಾಮ್ರ ಬೆಳ್ಳಿಗಿಂತ ಸುಲಭವಾಗಿ ಎಲೆಕ್ಟ್ರಾನು ಬಿಡುವ ಲೋಹ. ಅದು ತಾನು ಕರಗಿ ಬೆಳ್ಳಿಯನ್ನು ಹೊರದಬ್ಬುತ್ತದೆ. ಪಟ್ಟಿಯ ಮೈಮೇಲೆ ಬೂದು ಬೆಳ್ಳಿ ಮಿರಮಿರ ಬೆಳೆದು ಉದುರುತ್ತದೆ, ದ್ರವ ಕಡುನೀಲಿಯಾಗುತ್ತ ಹೋಗುತ್ತದೆ. ಒಂದು ಗ್ರಾಂ ತಾಮ್ರ ಕರಗಿದರೆ ಸುಮಾರು 3.4 ಗ್ರಾಂ ಬೆಳ್ಳಿ ವಾಪಸು. ಆ ನೀಲಿ ದ್ರವಕ್ಕೆ ಕಬ್ಬಿಣದ ಚೂರು ಹಾಕಿದರೆ ಅದೇ ರೀತಿ ತಾಮ್ರವೂ ಮರಳುತ್ತದೆ. ಬೆಳ್ಳಿಗೆ ತಾಮ್ರ, ತಾಮ್ರಕ್ಕೆ ಕಬ್ಬಿಣ: ರಸಾಯನಶಾಸ್ತ್ರದ ಪುಸ್ತಕ ಲೋಹಗಳ ಕ್ರಿಯಾಶೀಲತೆಯ ಸರಣಿ ಎಂದು ಬಾಯಿಪಾಠ ಮಾಡಿಸುವುದನ್ನು ಈ ಪಾತ್ರೆಗಳು ಒಂದರ ನಂತರ ಒಂದು ಮಾಡಿ ತೋರಿಸುತ್ತವೆ. ಈ ಭಾಗವನ್ನು ಪ್ರತಿಯೊಬ್ಬ ಪ್ರೌಢಶಾಲೆಯ ವಿದ್ಯಾರ್ಥಿಯೂ ಒಮ್ಮೆ ಕಣ್ಣಾರೆ ನೋಡಬೇಕೆಂದು ನನ್ನ ಆಸೆ.

ಹೊಸ ಒಡವೆ ಮಾಡುವಾಗ ಆಮ್ಲದ ಕೆಲಸ ಇದಕ್ಕಿಂತ ಸೌಮ್ಯ. ಬೆಸುಗೆಗೆ ಉರಿ ಊದಿದಾಗ ಬಂಗಾರದಲ್ಲಿರುವ ತಾಮ್ರ ಗಾಳಿಯ ಆಮ್ಲಜನಕ ಹೀರಿ ಆಕ್ಸೈಡಾಗಿ, ಒಡವೆ ಕಪ್ಪಿಡುತ್ತದೆ. ಲೋಹದ ಆಕ್ಸೈಡುಗಳು ಕ್ಷಾರ ಗುಣದವು, ಆಮ್ಲ ಸಿಕ್ಕರೆ ಲವಣವಾಗಿ ಕರಗುತ್ತವೆ. ಹತ್ತು ಪಾಲಿಗೆ ಒಂದು ಪಾಲಿನಷ್ಟು ತೆಳು ಗಂಧಕಾಮ್ಲವನ್ನು ಬೆಚ್ಚಗೆ ಮಾಡಿ ಅದರಲ್ಲಿ ಅದ್ದಿದರೆ ಕಪ್ಪು ಕಳಚಿ, ದ್ರವ ಬರಬರುತ್ತ ನೀಲಿಯಾಗುತ್ತದೆ. ಅದು ಮೈಲುತುತ್ತದ ನೀಲಿ. ಗಂಧಕಾಮ್ಲ ಬೇಡವೆನ್ನುವವರು ಹುಣಸೆಹಣ್ಣಿನ ನೀರಿನಲ್ಲಿ ಕುದಿಸುತ್ತಾರೆ. ತಡವಾದರೂ ಕೆಲಸ ಅದೇ. ಹಿತ್ತಾಳೆ ತಂಬಿಗೆಯನ್ನು ಹುಣಸೆ ಹಚ್ಚಿ ತಿಕ್ಕುವ ಪ್ರತಿಯೊಂದು ಮನೆಯಲ್ಲೂ ನಡೆಯುವುದು ಇದೇ ಕ್ರಿಯೆ. ಒಡವೆಯನ್ನು ಈ ಆಮ್ಲದಿಂದ ತೆಗೆಯುವಾಗ ಕಬ್ಬಿಣದ ಇಕ್ಕಳ ಹಾಕಬಾರದು, ತಾಮ್ರದ್ದೇ ಆಗಬೇಕು. ಕಬ್ಬಿಣ ಒಳಗಿಳಿದರೆ ದ್ರವದಲ್ಲಿ ಕರಗಿದ್ದ ತಾಮ್ರ ಹೊರಬಿದ್ದು ಬಂಗಾರದ ಮೇಲೆ ಕೆಂಪಗೆ ಲೇಪವಾಗುತ್ತದೆ. ಸರಣಿಯ ಪಾಠ ಇಲ್ಲಿಯೂ ಬಿಡುವುದಿಲ್ಲ.

ಆಮ್ಲದಿಂದ ತೆಗೆದ ಒಡವೆಯನ್ನು ತಿನ್ನುವ ಸೋಡಾ ಕರಗಿಸಿದ ನೀರಿಗೆ ಹಾಕುತ್ತಾರೆ. ಸಂದಿಗೊಂದಿಯಲ್ಲಿ ಉಳಿದ ಆಮ್ಲ ಸುಂಯ್ ಎಂದು ನೊರೆ ಬಿಟ್ಟು ಶಾಂತವಾಗುತ್ತದೆ. ಆಮೇಲೆ ಅಂಟವಾಳದ ನೀರಿನಲ್ಲಿ ಕುಂಚ ಹಾಕಿ ಉಜ್ಜಿದರೆ ಮೈ ತಿಳಿಯಾಗುತ್ತದೆ.

ಮೇಲ್ಮೈಯನ್ನು ನಂಬುವಂತಿಲ್ಲ ಎಂದದ್ದಕ್ಕೆ ಕಾರಣ ಇಲ್ಲಿದೆ. ಕಾಯಿಸಿ ಅದ್ದಿ, ಕಾಯಿಸಿ ಅದ್ದಿ ಮಾಡಿದಂತೆ ಮೇಲಿನ ಪದರದ ತಾಮ್ರವೆಲ್ಲ ಹೋಗಿ ಬಂಗಾರವೇ ಉಳಿಯುತ್ತದೆ. 18 ಕ್ಯಾರಟ್ಟಿನ ಒಡವೆಯೂ ಹೊರಗೆ 22ರ ಮೈಬಣ್ಣ ತೊಡುತ್ತದೆ. ಅದಕ್ಕೇ ಅರ ಹಾಕಿದ ಮೇಲೆ ಒರೆ. ಆದರೂ ಒರೆಗಲ್ಲು ಗೆರೆ ಎಳೆದ ಜಾಗದ ಮಾತು ಮಾತ್ರ ಹೇಳೀತು. ಒಡವೆಯ ಹೊಟ್ಟೆಯೊಳಗೆ ಏನಿದೆ ಎಂಬುದು ಅದಕ್ಕೆ ಕಾಣದು. ಕರಾರುವಾಕ್ಕಾದ ಪರೀಕ್ಷೆಗೆ ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಸೀಸದ ಜತೆ ಕುಲುಮೆಗಿಟ್ಟು, ಉಳಿದ ಬಂಗಾರ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಿಂದ ಬೇರ್ಪಡಿಸಿ ತೂಗುತ್ತಾರೆ. ಅಲ್ಲಿಯೂ ಕೊನೆಯ ಕೈ ಆಮ್ಲದ್ದೇ. ಅಂಗಡಿಗಳು ಮಾರುವ ಬಂಗಾರಕ್ಕೆ ಹಾಲ್‌ಮಾರ್ಕ್ ಕಡ್ಡಾಯ ಮಾಡುವ ಕೆಲಸ 2021ರ ಜೂನ್ 16ರಿಂದ ದೇಶದ 256 ಜಿಲ್ಲೆಗಳಲ್ಲಿ ಶುರುವಾಯಿತು, 2023ರ ಏಪ್ರಿಲ್ 1ರಿಂದ ಆರು ಅಕ್ಷರದ ಗುರುತು ಸಂಖ್ಯೆಯೂ ಬೇಕಾಯಿತು. ಮನೆಗಳಲ್ಲಿರುವ ಹಳೇ ಒಡವೆಗೆ ಇದಾವುದೂ ಇಲ್ಲ. ಅವಕ್ಕೆ ಇಂದಿಗೂ ಮೊದಲ ಸಾಕ್ಷಿ ಕಪ್ಪು ಕಲ್ಲು.

ಈ ಕೆಲಸಕ್ಕೆ ತೆರುವ ಬೆಲೆ ಪತ್ತಾರರ ಮೈಮೇಲೆ ಬರೆದಿರುತ್ತದೆ. ನೈಟ್ರಿಕ್ ಆಮ್ಲ ತಾಗಿದ ಚರ್ಮ ಹಳದಿಯಾಗುತ್ತದೆ, ಬೆಳ್ಳಿಯ ದ್ರವ ತಾಗಿದ ಬೆರಳು ಕಪ್ಪಾಗುತ್ತದೆ; ತೊಳೆದರೆ ಹೋಗುವುದಿಲ್ಲ, ಆ ಚರ್ಮವೇ ಸುಲಿದು ಹೋಗಬೇಕು. ಕಂದು ಹೊಗೆ ಅದಕ್ಕಿಂತ ಅಪಾಯ. ಅದನ್ನು ಎಳೆದುಕೊಂಡವರಿಗೆ ಆ ಹೊತ್ತಿಗೆ ಗಂಟಲು ತುಸು ಉರಿದು ಸುಮ್ಮನಾಗಬಹುದು, ತಾಸುಗಳ ನಂತರ ಪುಪ್ಪುಸದಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು. ಇಕ್ಕಟ್ಟಾದ ಓಣಿಯಲ್ಲಿ, ಒಂದೇ ಬಾಗಿಲಿನ ಕೋಣೆಯಲ್ಲಿ, ಬಾಯಿಗೆ ಪಂಚೆಯ ಚುಂಗು ಕಟ್ಟಿಕೊಂಡು ಇದನ್ನು ಮಾಡುವವರಿದ್ದಾರೆ. ಬಟ್ಟೆ ಅನಿಲವನ್ನು ತಡೆಯುವುದಿಲ್ಲ.

ಇದಕ್ಕೆ ದೊಡ್ಡ ಖರ್ಚಿನ ಯಂತ್ರವೇ ಬೇಕಿಲ್ಲ. ಹೊಗೆಯನ್ನು ಒಂದು ಡಬ್ಬಿಯೊಳಗೆ ಎಳೆದು ಕ್ಷಾರದ ನೀರಿನ ಮೂಲಕ ಹಾಯಿಸುವ ಸಣ್ಣ ಫ್ಯಾನು, ಕೊಳವೆ ಇದ್ದರೆ ಅದರ ಬಹುಪಾಲು ಅಲ್ಲಿಯೇ ಲವಣವಾಗಿ ನಿಲ್ಲುತ್ತದೆ. ಉಳಿದ ಆಮ್ಲವನ್ನು ಗಟಾರಕ್ಕೆ ಬಿಡುವ ಮೊದಲು ಕರಗಿದ ಲೋಹವನ್ನು ತೆಗೆದು, ಸುಣ್ಣದ ತಿಳಿಯಿಂದ ತಣಿಸಿ, ಅರಿಶಿನದ ಕಾಗದ ಅದ್ದಿ ನೋಡಿದರೆ ಸಾಕು. ವಿಜಯಪುರದಲ್ಲಿಯೇ ಕೆ.ಸಿ.ಪಿ. ವಿಜ್ಞಾನ ಕಾಲೇಜಿದೆ, ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ರಸಾಯನಶಾಸ್ತ್ರದ ಮೇಷ್ಟ್ರುಗಳು, ವಿದ್ಯಾರ್ಥಿಗಳು ಪೇಟೆಯ ಪತ್ತಾರರ ಜತೆ ಕೂತು, ಅವರ ಕೋಣೆಯ ಅಳತೆಗೆ ಹೊಂದುವ ಇಂಥ ಒಂದು ಹೊಗೆಪೆಟ್ಟಿಗೆ ಮಾಡಿಕೊಡಲಿ. ಹೋದವರು ಒರೆ ಹಚ್ಚುವುದನ್ನೂ ಕಲಿತು ಬರಲಿ, ಪತ್ತಾರರು ಹೇಳಿಕೊಡುತ್ತಾರೆ.